ಎಡದ ಉಳಿ, ಬಲದ ಎಲೆ

ನನಗೆ ಮರದ ಕೆಲಸ ಯಾವತ್ತೂ ಇಷ್ಟವಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಬೈಲಹೊಂಗಲದ ನಮ್ಮ ಓಣಿಯ ಜನ, ಗಂಡನ ಜೊತೆ ಕೂತು ಕೂತು ಈಕೆಗೂ ಕಲೆ ಒಲಿದಿದೆ ಎಂದು ಮಾತಾಡಿಕೊಳ್ಳುತ್ತಾರೆ. ಒಲಿಯಲಿಲ್ಲ, ಗಂಟುಬಿತ್ತು. ಮುನವಳ್ಳಿಯ ತವರಿನಿಂದ ಬಂದ ಹೊಸತರಲ್ಲಿ ಸಾಗವಾನಿಯ ಪುಡಿ ಮೂಗಿಗೆ ಹೋಗಿ ದಿನವಿಡೀ ಸೀನುತ್ತಿದ್ದೆ. ಬಟ್ಟೆಯಲ್ಲಿ, ಹಾಸಿಗೆಯಲ್ಲಿ, ರೊಟ್ಟಿಯ ಹಿಟ್ಟಿನಲ್ಲಿ ಕೂಡ ಆ ಪುಡಿ.

ನಮ್ಮ ಮನೆಯವರು ಅಂಗಳದ ತಗಡಿನ ಚಪ್ಪರದ ಕೆಳಗೆ ಕೂತು ಬಾಗಿಲ ಚೌಕಟ್ಟುಗಳಿಗೆ ಎಲೆ ಕೆತ್ತುತ್ತಿದ್ದರು. ಚೌಕಟ್ಟಿನ ಮೇಲಿನ ಅಡ್ಡಪಟ್ಟಿಯ ನಡುವೆ ಒಂದು ಕಮಲ, ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ಬಳ್ಳಿ ಹೊರಟು, ಎಲೆಯ ಮೇಲೆ ಎಲೆ ಮಗುಚುತ್ತ ಎರಡೂ ತುದಿಗೆ ಹೋಗಿ ನಿಲ್ಲಬೇಕು. ನೋಡುವವರಿಗೆ ಒಂದು ಎಲೆ. ಕೆತ್ತುವವರಿಗೆ ಅದರಲ್ಲಿ ನಾಲ್ಕೈದು ಉಳಿಗಳ ಕೆಲಸ. ಎಲೆಯ ಅಂಚಿನ ಬಾಗು ಯಾವ ಉಳಿಯ ಬಾಯಲ್ಲಿದೆಯೋ ಅದನ್ನೇ ನೆಟ್ಟಗೆ ಇಟ್ಟು ಕೊಡತಿಯಿಂದ ಬಡಿಯಬೇಕು. ಎಲೆಯ ಹೊಟ್ಟೆಯನ್ನು ತಗ್ಗು ಮಾಡುವುದಕ್ಕೆ ಅಗಲವಾದ, ಹೆಚ್ಚು ಬಾಗಿಲ್ಲದ ಇನ್ನೊಂದು ಬೇಕು. ನರ ಎಳೆಯುವುದಕ್ಕೆ ಸಣ್ಣದು, ಕೊಳವೆಯನ್ನು ಸೀಳಿದಂತಿರುವುದು. ಕೊನೆಗೆ ಮಡಚಿದ ತುದಿಗೆ ಓರೆಬಾಯಿಯ ಉಳಿ. ಈ ಓರೆ ಉಳಿಗಳು ಎರಡು. ಒಂದರ ಬಾಯಿ ಎಡಕ್ಕೆ ಇಳಿಜಾರು, ಇನ್ನೊಂದರದು ಬಲಕ್ಕೆ. ಎಡದ ಬಳ್ಳಿಗೆ ಎಡದ್ದು, ಬಲದ ಬಳ್ಳಿಗೆ ಬಲದ್ದು. ಅದಲುಬದಲಾದರೆ ಉಳಿ ಮರದ ನಾರಿಗೆ ಎದುರಾಗಿ ನುಗ್ಗಿ ಸಿಬರು ಎಬ್ಬಿಸುತ್ತದೆ. ಕಿತ್ತೂರಿನ ಕಡೆಯ ಕಮ್ಮಾರನೊಬ್ಬ ಕಬ್ಬಿಣ ಉಜ್ಜುವ ಹಳೆಯ ಅರಗಳನ್ನು ಕಾಯಿಸಿ ಬಡಿದು ಮಾಡಿಕೊಟ್ಟ ಈ ಎರಡೂ, ಹಿಡಿಕೆಯಿಂದ ನೋಡಿದರೆ ಅವಳಿಜವಳಿ. ಬಾಯಿಗೆ ಬೆರಳು ತಾಗಿಸಿದರೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತದೆ.

ಅವರು ಕೆತ್ತುತ್ತ ಕೆತ್ತುತ್ತ ಉಳಿ ಹುಡುಕುವುದರಲ್ಲೇ ಅರ್ಧ ಹೊತ್ತು ಕಳೆಯುತ್ತಿದ್ದರು. ಒಂದು ದಿನ ನನ್ನನ್ನು ಕರೆದು ಎದುರಿಗೆ ಕೂರಿಸಿ, “ನೀ ಕೊಡಕೋತ ಕುಂದರು, ನಾ ಹೊಡಕೋತ ಹೊಕ್ಕೇನಿ” ಅಂದರು. ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆ ಅಂದೆ. “ಬ್ಯಾಳಿ ತಾನ ಬೇಯತೈತಿ” ಅಂದರು. ಅವತ್ತು ಕೂತವಳು ಏಳಲಿಲ್ಲ ಅಂತಲೇ ಹೇಳಬೇಕು. ಮಗಳು ಹುಟ್ಟಿದಳು, ದೊಡ್ಡವಳಾದಳು, ಸವದತ್ತಿಗೆ ಮದುವೆಯಾಗಿ ಹೋದಳು. ನಾನು ಅದೇ ಗೋಣಿತಟ್ಟಿನ ಮೇಲೆ ಉಳಿಗಳನ್ನು ಹರಡಿಕೊಂಡು, ಸಾಣೆಕಲ್ಲಿಗೆ ನೀರು ಚಿಮುಕಿಸುತ್ತ, ಒಂದೊಂದಾಗಿ ಮಸೆದು ಕೊಡುತ್ತ ಕೂತಿದ್ದೆ. ಬಳ್ಳಿ ಎದ್ದು ಕಾಣುವಂತೆ ಅದರ ಹಿಂದಿನ ನೆಲ ತಗ್ಗಿಸುವ ಕೆಲಸವೂ ಆಮೇಲೆ ನನ್ನ ಕೊರಳಿಗೇ ಬಂತು. ದೇವರಮನೆಯ ಸಣ್ಣ ಬಾಗಿಲುಗಳಿಗೆ, ಅವರು ಆರಿಸಿಟ್ಟ ಉಳಿಗಳಿಂದ, ಸಾದಾ ಎಲೆಗಳನ್ನೂ ಕೆತ್ತಿದೆ. ಅವು ಅವರ ಹೆಸರಿನಲ್ಲೇ ಹೋದವು. ಹೋಗಲಿ, ನನಗೇನು ಬೋರ್ಡು ಬರೆಸಬೇಕಿತ್ತೇ ಎಂದುಕೊಂಡೆ.

ಅವರು ಇಂಥ ಉಳಿ ಕೊಡು ಎಂದು ಕೇಳುತ್ತಿರಲಿಲ್ಲ. ಕೈ ಚಾಚುತ್ತಿದ್ದರು, ಅಷ್ಟೇ. ನಾನು ಇಡುತ್ತಿದ್ದೆ. ನೋಡಿದವರು ಬೆರಗಾಗುತ್ತಿದ್ದರು. ತಪ್ಪು ಇಟ್ಟರೆ ಅದನ್ನು ಅಲ್ಲೇ ಕೆಳಗೆ ಬಿಟ್ಟು, ಮುಖ ನೋಡದೆ, ಮತ್ತೆ ಕೈ ಚಾಚುತ್ತಿದ್ದರು. ಆ ಗರ್ವಕ್ಕೆ ನನಗೆ ಮೈ ಉರಿಯುತ್ತಿತ್ತು. ಮನುಷ್ಯನಿಗೆ ಬಾಯಿ ಇರುವುದು ಯಾತಕ್ಕೆ ಎಂದು ಕೇಳಿಯೂ ಇದ್ದೇನೆ. ಅವರು ನಕ್ಕು ಕೊಡತಿ ಎತ್ತುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಬೆಳಗ್ಗೆ ಚಹಾದ ಬಟ್ಟಲು ಹಿಡಿದವರು ಅದನ್ನು ಕೈಯಿಂದ ಬಿಟ್ಟರು, ನೆಲಕ್ಕೆ ಬಿದ್ದದ್ದನ್ನು ನೋಡುತ್ತ ಕೂತರು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಓಣಿಯ ಜನರೆಲ್ಲ ವೈದ್ಯರಾದರು. ಒಬ್ಬರು ಪಾರಿವಾಳದ ರಕ್ತ ತಿಕ್ಕು ಅಂದರು, ಒಬ್ಬರು ಯಾವುದೋ ಊರಿನ ಎಣ್ಣೆಯ ವಿಳಾಸ ಕೊಟ್ಟರು, ಒಬ್ಬರು ಉಗರಗೋಳದ ದೇವಿಯ ಗುಡ್ಡಕ್ಕೆ ನಡೆದುಕೊಂಡು ಬರುತ್ತೇನೆಂದು ಹರಕೆ ಹೊರು ಅಂದರು. ಯಾರು ನಡೆಯಬೇಕು ಎಂದು ಕೇಳಿದೆ.

ಅವರನ್ನು ಮಗ್ಗುಲು ತಿರುಗಿಸುವುದು, ಎಣ್ಣೆ ತಿಕ್ಕುವುದು, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಬಾಯಿಗಿಡುವುದು, ಒರೆಸುವುದು, ಮತ್ತೆ ತಿರುಗಿಸುವುದು. ನನ್ನ ನಡು ಬಿದ್ದುಹೋಯಿತು. ಮಗಳು ಫೋನಿನಲ್ಲಿ, “ಅವ್ವಾ, ನೀ ಸ್ವಲ್ಪ ಅಡ್ಡಾಗು” ಅನ್ನುತ್ತಿದ್ದಳು. ಅಡ್ಡಾದರೆ ಕಣ್ಣಿಗೆ ಬೀಳುತ್ತಿದ್ದುದು ಗೋಡೆಗೆ ಒರಗಿಸಿಟ್ಟ ರಾಮದುರ್ಗದ ಚೌಕಟ್ಟು. ಅದರ ಅಡ್ಡಪಟ್ಟಿಯಲ್ಲಿ ಕಮಲ ಮುಗಿದಿತ್ತು, ಎಡದ ಬಳ್ಳಿ ತುದಿಯ ತನಕ ಮುಗಿದಿತ್ತು. ಬಲದ ಕಡೆ ಬರೀ ಪೆನ್ಸಿಲ್ಲಿನ ಗೆರೆ.

ಅದನ್ನು ಮಾಡಿಸಿದವರು ರಾಮದುರ್ಗದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಬಟ್ಟೆ ವ್ಯಾಪಾರದ ಮನೆತನದ ಹೆಣ್ಣುಮಗಳು. ನಾವು ಅಕ್ಕಾರು ಎಂದು ಕರೆಯುತ್ತಿದ್ದೆವು. ಮಳೆ ಶುರುವಾದ ಮೇಲೆ ಅವರು ನೋಡಲು ಬಂದರು. ಮೋಸಂಬಿ ತಂದಿದ್ದರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಅದನ್ನು ಹೇಳಲೇಬೇಕು.

“ವಾಸ್ತುಶಾಂತಿ ಶ್ರಾವಣದಾಗ ಇಟ್ಟೇವ್ರಿ. ನೀವು ಮನಸ್ಸಿಗೆ ಹಚಗೋಬ್ಯಾಡ್ರಿ. ಉಳದದ್ದು ಮಷಿನ್ ಮ್ಯಾಲ ಮಾಡಸ್ತೇವಿ. ಎಡದ ಫೋಟೋ ಹಾಕಿದ್ರ ಅದ ಬಲಕ್ಕ ತಿರಿವಿ ಕೆತ್ತತೈತಂತ.”

ಮಂಚದ ಮೇಲಿದ್ದ ನಮ್ಮ ಮನೆಯವರು ಗೋಡೆಯ ಕಡೆಗೆ ಮುಖ ತಿರುಗಿಸಿದರು. ಸಂಜೆ ಹಾಲು ಕುಡಿಯಲಿಲ್ಲ. ಮರುದಿನವೂ ಬಾಯಿ ತೆರೆಯಲಿಲ್ಲ. ಚಮಚ ಹಿಡಿದು ಹಿಡಿದು ನನಗೆ ಸಾಕಾಗಿ, “ಏನ ಮಾಡ್ಲಿ ಹೇಳ್ರಿ, ನಾ ಕೆತ್ತಲ್ಯಾ?” ಎಂದು ಸಿಟ್ಟಿನಿಂದ ಕೇಳಿದೆ. ಅವರು ನನ್ನ ಕಡೆ ತಿರುಗಿದರು. ಬಾಯಿ ತೆರೆದರು. ಸಿಟ್ಟಿನಲ್ಲಿ ಆಡಿದ ಮಾತು ಹಾಗೆ ನನ್ನ ತಲೆಗೆ ಸುತ್ತಿಕೊಂಡಿತು. ಅಕ್ಕಾರಿಗೆ ಫೋನು ಮಾಡಿ, ಮುಗಿಸಿಕೊಡುತ್ತೇವೆ ಅಂದೆ. ಅವರು “ಆಗ್ಲಿ ಬಿಡ್ರಿ” ಅಂದರು.

ಅಡ್ಡಪಟ್ಟಿಯನ್ನು ಓಣಿಯ ಇಬ್ಬರನ್ನು ಕರೆದು ಚಪ್ಪರದ ಕೆಳಗೆ ಇಳಿಸಿಕೊಂಡೆ. ಗೋಣಿತಟ್ಟು ಹಾಸಿದೆ, ಉಳಿಗಳನ್ನು ಹರಡಿದೆ, ಕೊಡತಿ ಹಿಡಿದೆ. ಆಮೇಲೆ ಕೈ ಆಡಲಿಲ್ಲ. ಯಾವ ಉಳಿ ಎತ್ತಿಕೊಳ್ಳಬೇಕೆಂದೇ ಹೊಳೆಯಲಿಲ್ಲ. ನನಗೇ ನಾಚಿಕೆಯಾಯಿತು. ಇಷ್ಟು ವರ್ಷ ಕೇಳುವ ಮೊದಲೇ ಎತ್ತಿ ಕೊಟ್ಟವಳಲ್ಲವೇ ನಾನು?

ಕೂತು ಯೋಚಿಸಿದಾಗ ತಿಳಿಯಿತು. ನಾನು ಎಲೆಯನ್ನು ನೋಡಿ ಉಳಿ ಆರಿಸಿಯೇ ಇರಲಿಲ್ಲ. ಅವರ ಕೈಯನ್ನು ನೋಡಿ ಆರಿಸುತ್ತಿದ್ದೆ. ಹೆಬ್ಬೆರಳು ಅಗಲವಾಗಿ ಬಿಚ್ಚಿದ್ದರೆ ಅಗಲದ್ದು, ಬೆರಳುಗಳು ಕೂಡಿಕೊಂಡಿದ್ದರೆ ನರದ್ದು, ಮಣಿಕಟ್ಟು ಓರೆಯಾಗಿದ್ದರೆ ತುದಿಯದು. ಈಗ ಆ ಕೈ ಮಂಚದ ಮೇಲೆ ದಿಂಬಿನಂತೆ ಬಿದ್ದಿತ್ತು. ನನ್ನ ವಿದ್ಯೆ ಅದರೊಳಗೇ ಇತ್ತು.

ಎದ್ದು ಹೋಗಿ ಅಡುಗೆ ಮಾಡಿದೆ. ಬೇರೇನು ಮಾಡಲಿ?

ಮರುದಿನ ಒಂದು ಉಪಾಯ ಮಾಡಿದೆ. ಎಡದ ಬಳ್ಳಿ ಅವರು ಕೆತ್ತಿದ್ದೇ ಅಲ್ಲವೇ, ಅದರ ಪ್ರತಿ ಕಚ್ಚಿನಲ್ಲೂ ಯಾವುದೋ ಒಂದು ಉಳಿಯ ಬಾಯಿ ಇದ್ದೇ ಇದೆ. ಒಂದೊಂದೇ ಉಳಿಯನ್ನು ತೆಗೆದುಕೊಂಡು ಮುಗಿದ ಎಲೆಯ ಅಂಚಿಗೆ ಮೆಲ್ಲಗೆ ಇಟ್ಟು ನೋಡುತ್ತ ಹೋದೆ. ಬಳೆಗಾರ್ತಿ ಕೈಗೆ ಬಳೆಯ ಅಳತೆ ನೋಡುವಂತೆ. ಒಂದು ಸಡಿಲ, ಒಂದು ಬಿಗಿ, ಒಂದು ಸರಿಯಾಗಿ ಕೂರುತ್ತಿತ್ತು. ಹೊಟ್ಟೆಯ ತಗ್ಗಿಗೆ ಒಂದು ಉಳಿ ಎಂದುಕೊಂಡಿದ್ದೆ, ಅವರು ಎರಡು ಬಳಸಿದ್ದರು. ಬುಡದಲ್ಲಿ ಒಂದು, ತುದಿಯ ಹತ್ತಿರ ಅದಕ್ಕಿಂತ ಚಪ್ಪಟೆಯದು. ಎದುರಿಗೇ ಕೂತು ಕೊಟ್ಟವಳಿಗೆ ಇದು ಗೊತ್ತಿರಲಿಲ್ಲ. ಸಾಗವಾನಿಯ ತುಂಡೊಂದರ ಮೇಲೆ ಬಲಕ್ಕೆ ತಿರುಗಿದ ಎಲೆಯನ್ನು ಕೆತ್ತಿ ಕೆತ್ತಿ ಹಾಳು ಮಾಡಿದೆ. ಬಲದ ಕಡೆಗೆ ಮರದ ನಾರು ಬೇರೆ ಥರ ಸಿಗುತ್ತದೆ, ಎಡದಲ್ಲಿ ಮೇಲಿನಿಂದ ಇಳಿದ ಉಳಿ ಇಲ್ಲಿ ಕೆಳಗಿನಿಂದ ಏರಬೇಕು. ಬೆರಳುಗಳಿಗೆ ಬೊಬ್ಬೆ ಬಂದವು. ಅದೇ ಕೈಯಲ್ಲಿ ಅವರಿಗೆ ಎಣ್ಣೆ ತಿಕ್ಕಿದರೆ ಬೊಬ್ಬೆ ಒಡೆದು ಉರಿಯುತ್ತಿತ್ತು.

ಅಷ್ಟು ಹೊತ್ತಿಗೆ ಅವರು ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು. ಅಂಗಳಕ್ಕೆ ಬಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ನಾನು ಚೌಕಟ್ಟಿನ ಮೇಲೆ ಮೊದಲ ನಿಜವಾದ ಎಲೆ ಶುರುಮಾಡಿದ್ದನ್ನು ನೋಡುತ್ತಿದ್ದರು. ನಾನು ಅಂಚು ಕಡಿದು ಮುಗಿಸಿ ಉಳಿ ಕೆಳಗಿಡುತ್ತಿದ್ದಂತೆ ಅವರು ಬಾಗಿದರು. ಎಡಗೈಯಿಂದ ಗೋಣಿತಟ್ಟಿನ ಮೇಲೆ ತಡಕಾಡಿ, ಒಂದು ಉಳಿ ಎತ್ತಿ ನನ್ನ ಮುಂದೆ ಹಿಡಿದರು. ಅಗಲದ್ದು. ಸರಿಯಾದದ್ದೇ. ನಾನು ಕೆತ್ತಿದೆ. ನರದ ಉಳಿ ಕೊಟ್ಟರು, ಅದೂ ಸರಿಯಾಗಿತ್ತು. ಅವರ ಮುಖ ನೋಡಿದೆ. ಎಷ್ಟೋ ತಿಂಗಳಿನಿಂದ ಆ ಮುಖದಲ್ಲಿ ಬರೀ ಹೆದರಿಕೆ ಇತ್ತು. ಈಗ ಕೆಲಸದ ಕಳೆ ಬಂದಿತ್ತು. ನನಗೆ ಕೂಗಿ ಓಣಿಯವರನ್ನೆಲ್ಲ ಕರೆಯಬೇಕೆನಿಸಿತು.

ಆಮೇಲೆ ತುದಿಯ ಓರೆ ಉಳಿ ಕೊಟ್ಟರು. ಬೆರಳು ತಾಗಿದ ಕೂಡಲೇ ತಿಳಿಯಿತು. ಅದು ಎಡದ್ದು.

ಯಾಕೆ ಹಾಗಾಯಿತೆಂದು ಈಗ ಯೋಚಿಸಿ ಹೇಳಬಲ್ಲೆ. ಲಕ್ವಾ ಹೊಡೆದ ಹಿಂದಿನ ದಿನ ಅವರು ಎಡದ ಬಳ್ಳಿಯ ಕೊನೆಯ ಎಲೆಯ ತುದಿ ಮಡಚಿದ್ದರು. ಅವರ ತಲೆ ಆ ಎಲೆಯ ಹತ್ತಿರವೇ ನಿಂತಿತ್ತು. ನಡುವಿನ ಆಸ್ಪತ್ರೆ, ಮಂಚ, ಮಳೆ ಯಾವುದೂ ಅವರ ಲೆಕ್ಕದಲ್ಲಿ ಇರಲಿಲ್ಲ. ಆದರೆ ಆ ಗಳಿಗೆಯಲ್ಲಿ ನಾನು ಇದನ್ನೆಲ್ಲ ಯೋಚಿಸಲಿಲ್ಲ. ಉಳಿ ಚಾಚಿದ್ದ ಅವರ ಕಣ್ಣು ನನ್ನ ಮೇಲಿತ್ತು. ಇದು ತಪ್ಪು ಎನ್ನಲು ನನ್ನಿಂದ ಆಗಲಿಲ್ಲ. ಜೀವಮಾನದಲ್ಲಿ ಅವರ ಮುಂದೆ ಬಾಯಿ ಮುಚ್ಚದವಳು ಅವತ್ತು ಮುಚ್ಚಿದೆ. ಮಣಿಕಟ್ಟು ತಿರುಗಿಸಿ ಹೇಗೋ ಸಂಭಾಳಿಸೋಣ ಎಂದು ಅದನ್ನೇ ಹಚ್ಚಿದೆ. ಎರಡನೆಯ ಏಟಿಗೆ ನಾರು ಎದ್ದಿತು. ಎಲೆಯ ತುದಿ ಚಕ್ಕೆಯಾಗಿ ಹಾರಿತು.

ಅವರು ಕುರ್ಚಿಯಿಂದ ಬಾಗಿ, ಎಡಗೈಯ ಹೆಬ್ಬೆರಳನ್ನು ಆ ಗಾಯದ ಮೇಲೆ ಎಳೆದರು. ಮತ್ತೊಮ್ಮೆ ಎಳೆದರು. ತಿಂಗಳುಗಟ್ಟಲೆ ಬರೀ ಗೊರಗೊರ ಎನ್ನುತ್ತಿದ್ದ ಬಾಯಿಂದ, ತೊದಲಿದರೂ ತಿಳಿಯುವಂತೆ, ಮಾತು ಬಂತು.

“ಸಿಬರ ಎದ್ದೈತಿ.”

ನಾನು ಕೊಡತಿ ಕೆಳಗಿಟ್ಟೆ.

“ಯಾ ಉಳಿ ಹಚ್ಚಿದಿ?”

ಅವರೇ ಕೊಟ್ಟ ಉಳಿ ನನ್ನ ಕೈಯಲ್ಲೇ ಇತ್ತು. ಅದನ್ನು ಮೊಣಕಾಲ ಕೆಳಗೆ ಸರಿಸಿದೆ. “ತಪ್ಪಾತ್ರಿ,” ಅಂದೆ.

“ಎಡಾ ಬಲಾ... ತಿಳೀವಲ್ದು ನಿನಗ. ಇಷ್ಟ ವರ್ಷ... ಏನ ನೋಡಿದಿ?”

ನಿಂತು ನಿಂತು, ತಡವರಿಸಿ, ಜೊಲ್ಲು ಸುರಿಸುತ್ತ, ಮನಸ್ಸು ತುಂಬ ಬೈದರು. ಸೆರಗಿನಿಂದ ಅವರ ಬಾಯಿ ಒರೆಸಿದೆ. ಮಾತು ಮರಳಿ ಬಂತಲ್ಲ ಎಂದು ನನಗೆ ಹಿಡಿಸಲಾರದ ಸಂತೋಷವಾಯಿತು. ಅದು ನನ್ನ ಮೇಲಿನ ಬೈಗುಳವಾಗಿಯೇ ಬರಬೇಕಿತ್ತೇ ಎಂದು ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದವು, ಬಚ್ಚಲಿಗೆ ಹೋಗಿ ಅತ್ತೆ.

ಹಾರಿದ ತುದಿಯನ್ನು ಅಂಟಿಸಲು ಬರುವಂತಿರಲಿಲ್ಲ. ಎಲೆಯನ್ನೇ ಇನ್ನಷ್ಟು ಒಳಗೆ ತಗ್ಗಿಸಿ, ತುದಿಯನ್ನು ಗಿಡ್ಡ ಮಾಡಿ ಮಡಚಿದೆ. ಪಕ್ಕದ ಎಲೆಗಳಿಗಿಂತ ಅದು ಕುಳ್ಳಗೆ ಉಳಿಯಿತು.

ಎರಡನೆಯ ಎಲೆಗೂ ಅವರು ಎಡದ ಓರೆಯನ್ನೇ ಕೊಟ್ಟರು. ಈ ಸಲ ಧೈರ್ಯ ಮಾಡಿ, ಆದಷ್ಟು ಮೆತ್ತಗೆ, “ಇದಲ್ರಿ, ಬಲದ್ದು ಕೊಡ್ರಿ” ಅಂದೆ. ಅವರು ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡರು. ಅವುಗಳ ಬಾಯಿಗೆ ಬೆರಳು ಹಚ್ಚಿ ನೋಡಿದರು. ಇದನ್ನು ನೋಡಿದರು, ಅದನ್ನು ನೋಡಿದರು. ಗೊತ್ತಾಗಲಿಲ್ಲ. ಎಲೆ ತಪ್ಪಿದ್ದು ತಿಳಿಯುವ ಬೆರಳಿಗೆ ಉಳಿ ತಪ್ಪಿದ್ದು ತಿಳಿಯುತ್ತಿರಲಿಲ್ಲ, ಇದು ಯಾವ ಥರದ ರೋಗವೋ ದೇವರೇ ಬಲ್ಲ. ಎರಡನ್ನೂ ನೆಲಕ್ಕಿಟ್ಟು, ಕೋಲು ಹಿಡಿದು, ಒಳಗೆ ಹೋಗಿ ಮಲಗಿದರು. ಮರುದಿನ ಕರೆದರೂ ಅಂಗಳಕ್ಕೆ ಬರಲಿಲ್ಲ. ಮತ್ತೆ ಗೋಡೆ, ಮತ್ತೆ ಮುಚ್ಚಿದ ಬಾಯಿ.

ಅಲ್ಲಿಂದ ಮುಂದೆ ನಾನು ಕಳ್ಳಾಟ ಕಲಿತೆ. ಕೈಹಿಡಿದು ಕರೆದುತಂದು ಕುರ್ಚಿಯ ಮೇಲೆ ಕೂರಿಸಿ, “ನೀವು ಕೊಡ್ರಿ, ನಾ ಹೊಡೀತೇನಿ” ಅಂದೆ. ಬೇಕಾದ ಉಳಿಗಳನ್ನು ಮೊದಲೇ ಆರಿಸಿ ಮಡಿಲಲ್ಲಿ ಸೆರಗಿನ ಕೆಳಗೆ ಇಟ್ಟುಕೊಂಡೆ. ಅವರು ಏನು ಕೊಟ್ಟರೂ ತೆಗೆದುಕೊಳ್ಳುವುದು, ಬೆನ್ನು ಸ್ವಲ್ಪ ಅಡ್ಡ ಮಾಡಿ ಅದನ್ನು ಮಡಿಲಿಗೆ ಜಾರಿಸಿ ನನ್ನದನ್ನು ಎತ್ತುವುದು, ಕೆತ್ತಿ ಮುಗಿದ ಮೇಲೆ ಅವರದನ್ನು ಅವರ ಎದುರಿಗೆ ಕೆಳಗಿಡುವುದು. ಒಮ್ಮೊಮ್ಮೆ ಅವರು ಮಡಿಲಿನದಕ್ಕೆ ತೀರ ಹತ್ತಿರದ್ದನ್ನೇ ಕೊಡುತ್ತಿದ್ದರು. ಆದರೆ ನೆಚ್ಚಿಕೊಂಡು ಕೂರುವಂತಿರಲಿಲ್ಲ. ಕೆತ್ತುವುದು ಒಂದು ದುಡಿತ, ಮುಚ್ಚಿಡುವುದು ಇನ್ನೊಂದು. ಒಮ್ಮೆ ಮಡಿಲಿನ ಉಳಿ ತೊಡೆಗೆ ಚುಚ್ಚಿತು, ಹಲ್ಲು ಕಚ್ಚಿಕೊಂಡು ಕೂತೆ. ಸಾಯಂಕಾಲ ಮೊಣಕಾಲು ಬಿಚ್ಚಿ ಏಳಬೇಕಾದರೆ ಗೋಡೆ ಹಿಡಿಯಬೇಕಾಗುತ್ತಿತ್ತು. ಪ್ರತಿ ಎಲೆ ಮುಗಿದಾಗಲೂ ಅವರು ಹೆಬ್ಬೆರಳು ಎಳೆದು ನೋಡಿ ತಲೆ ಆಡಿಸುತ್ತಿದ್ದರು. ದಿನಕ್ಕೊಂದು ಹೊಸ ಮಾತು ಬರುತ್ತಿತ್ತು. ಅದಕ್ಕಾಗಿ ಸಹಿಸಿಕೊಂಡೆ.

ಶ್ರಾವಣಕ್ಕೆ ಮೊದಲು ಬಳ್ಳಿ ತುದಿ ಮುಟ್ಟಿತು. ಚೌಕಟ್ಟನ್ನು ಟೆಂಪೋದಲ್ಲಿ ಕಳಿಸಿದೆವು. ವಾಸ್ತುಶಾಂತಿಗೆ ಅಕ್ಕಾರು ಫೋನು ಮಾಡಿ ಕರೆದರು. ಈ ಸ್ಥಿತಿಯಲ್ಲಿ ಬೇಡ ಎಂದು ಮಗಳು ಅಂದಳು, ಇವರು ಇಸ್ತ್ರಿಯ ಅಂಗಿ ಹಾಕಿಕೊಂಡು ಕೂತೇಬಿಟ್ಟರು. ಸವದತ್ತಿಯ ಮೇಲೆ ಹಾದುಹೋಗುವ ಬಸ್ಸು ಅವತ್ತು ಗುಡ್ಡಕ್ಕೆ ಹೋಗುವವರಿಂದ ಕಿಕ್ಕಿರಿದಿತ್ತು. ಹೆಂಗಸರಿಗೆ ಟಿಕೀಟಿಲ್ಲದ ಮೇಲೆ ಕೂರಲು ಜಾಗವೂ ಇಲ್ಲ. ಯಾರೋ ಪುಣ್ಯಾತ್ಮರು ಇವರ ಕೋಲು ನೋಡಿ ಎದ್ದು ಜಾಗ ಕೊಟ್ಟರು. ನಾನು ಸವದತ್ತಿಯ ತನಕ ಕಂಬ ಹಿಡಿದು ನಿಂತೆ.

ರಾಮದುರ್ಗದ ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಚೌಕಟ್ಟಿಗೆ ಅರಿಷಿಣ ಕುಂಕುಮ ಹಚ್ಚಿ, ವಿಭೂತಿ ಎಳೆದು, ಮಾವಿನ ತೋರಣ ಕಟ್ಟಿದ್ದರು. ಪಾಲಿಶ್ ಹೊಡೆದ ಮೇಲೆ ಅದು ನಮ್ಮ ಅಂಗಳದಲ್ಲಿದ್ದದ್ದೇ ಹೌದೋ ಎನ್ನುವಂತಿತ್ತು. ನಮ್ಮ ಮನೆಯವರು ಕೋಲಿನ ಮೇಲೆ ಭಾರ ಹಾಕಿ ಕತ್ತೆತ್ತಿ ನಿಂತರು. ಸುತ್ತ ನೆಂಟರು ಸೇರಿದರು.

“ಎರಡೂ ಕಡೆ ಒಂದ ಕೈ ಅನ್ನೂಹಂಗ ಆಗೇತ್ರಿ,” ಅಂದರು ಅಕ್ಕಾರು. ಅದನ್ನು ನನ್ನ ಕಡೆ ನೋಡಿಯೇ ಅಂದರು. ಕೊಡತಿ ಎತ್ತಲಾಗದ ಕೈ ಅವರ ಕಣ್ಣಿಗೂ ಬೀಳುತ್ತಿತ್ತಲ್ಲ.

ನೆಂಟರಲ್ಲಿ ಒಬ್ಬರು ಕಮಲದ ಬಲಕ್ಕಿದ್ದ ಮೊದಲ ಎಲೆ ತೋರಿಸಿ, “ಈ ಒಂದ ಎಲಿ ಯಾಕ ಗಿಡ್ಡ ಐತ್ರಿ?” ಎಂದು ಕೇಳಿದರು.

ನಮ್ಮ ಮನೆಯವರು ಕೋಲು ಎತ್ತಿದರು. ಬೀಳುತ್ತಾರೆಂದು ನಾನು ತೋಳು ಹಿಡಿದೆ. ಕೋಲಿನ ತುದಿಯಿಂದ ಆ ಎಲೆಯನ್ನು ತೋರಿಸಿ, ಒಂದೂ ತೊದಲಿಲ್ಲದೆ ಹೇಳಿದರು. “ಅದೊಂದ ಇಕೀ ಮಾಡಿದ್ದು. ಉಳದದ್ದೆಲ್ಲಾ ನಂದು.”

ಜನ ನಕ್ಕರು. ಕೆಟ್ಟ ನಗೆಯಲ್ಲ, ಗಂಡ ಹೆಂಡತಿಯ ತಮಾಷೆ ಎಂದು ತಿಳಿದು ನಕ್ಕರು. ಅಕ್ಕಾರು ನಗಲಿಲ್ಲ. ನಾನೇನಾದರೂ ಹೇಳುತ್ತೇನೆಂದು ಕಾದರು. ಬಲದ ಬಳ್ಳಿಯಲ್ಲಿ ಅವರು ಆರಿಸಿಕೊಟ್ಟ ಉಳಿಯಿಂದ ಮುಗಿದ ಎಲೆ ಎಂದರೆ ಆ ಗಿಡ್ಡ ಎಲೆ ಒಂದೇ. ಅದನ್ನು ನನ್ನ ಹೆಸರಿಗೆ ಹಾಕಿ, ಉಳಿದದ್ದನ್ನೆಲ್ಲ ತಮ್ಮದು ಮಾಡಿಕೊಂಡು, ಅವರು ಮದುಮಗನಂತೆ ನಿಂತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಾವು ಕೊಟ್ಟ ಉಳಿಯಿಂದಲೇ ಎಲ್ಲ ಆಯಿತೆಂದು ನಂಬಿದ್ದರು, ನಂಬಿಸಿದವಳು ನಾನೇ.

“ಹೌದ್ರಿ,” ಅಂದೆ. “ಅದೊಂದ ನಂದು.”

ಊಟ ಮುಗಿಸಿ ತಿರುಗಿ ಹೊರಟಾಗ ಬಸ್ಸು ಖಾಲಿ ಇತ್ತು. ಇಬ್ಬರಿಗೂ ಸೀಟು ಸಿಕ್ಕಿತು. ಹೋಳಿಗೆ ತಿಂದ ತೃಪ್ತಿಯಲ್ಲಿ ಅವರು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ಭಾರವಾಗಿದ್ದರು. ಸವದತ್ತಿ ದಾಟುವ ತನಕ ನಾನು ಅಲ್ಲಾಡದೆ ಕೂತು, ಕಮಲದಿಂದ ಶುರುಮಾಡಿ ಬಲದ ತುದಿಯ ತನಕ ಪ್ರತಿ ಎಲೆಯನ್ನೂ ಮನಸ್ಸಿನಲ್ಲಿ ಮುಟ್ಟಿ ಬಂದೆ. ಆಮೇಲೆ ಅವರ ಕಿವಿಯ ಹತ್ತಿರ ಬಾಗಿ, “ಉಳದದ್ದೆಲ್ಲಾ ನಂದ್ರಿ” ಅಂದೆ. ಅವರಿಗೆ ಎಚ್ಚರವಾಗಲಿಲ್ಲ.